ಒಂದು ಮೊಡವೆಗೆ ಅರ್ಧ ಪುಟ

ಹೈಸ್ಕೂಲ್ ಕಾಮಿಕ್ಸ್‌ಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಹುಡುಗ ಬೆಳಗ್ಗೆದ್ದು ಕನ್ನಡಿ ನೋಡುತ್ತಾನೆ, ಮೂಗಿನ ತುದಿಯಲ್ಲೊಂದು ಮೊಡವೆ. ಮುಂದಿನ ಚೌಕದಲ್ಲಿ ಅದು ಅವನ ತಲೆಗಿಂತ ದೊಡ್ಡದಾಗಿ ಅರ್ಧ ಪುಟ ತುಂಬಿರುತ್ತದೆ, ಹಿಂದೆ ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ನೋಡುತ್ತಿರುತ್ತದೆ. ನಗು ಬರುತ್ತದೆ, ಅಲ್ವಾ? ಆದರೆ ಚಿತ್ರ ಬರೆದವರು ಸುಮ್ನೆ ದೊಡ್ಡದು ಮಾಡಿಲ್ಲ. ಆ ವಯಸ್ಸಿನವರಿಗೆ ಅದು ಕಾಣುವುದೇ ಹಾಗೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಾಲ್ಪನಿಕ ಪ್ರೇಕ್ಷಕರು' ಎಂದು ಕರೆದರು. ಬೇರೆಯವರ ತಲೆಯಲ್ಲಿ ಏನು ಓಡುತ್ತಿರಬಹುದು ಎಂದು ಊಹಿಸುವ ಶಕ್ತಿ ಹದಿಹರೆಯದಲ್ಲಿ ಚುರುಕಾಗುತ್ತದೆ. ಅದು ಒಳ್ಳೆಯ ಬೆಳವಣಿಗೆಯೇ, ಆದರೆ ಮೈಯೆಲ್ಲ ಬದಲಾಗುತ್ತಿರುವ ಆ ಹೊತ್ತಿಗೆ ತನ್ನ ತಲೆ ತುಂಬ ತನ್ನ ಮುಖವೇ ಇರುವುದರಿಂದ, ಎಲ್ಲರ ತಲೆಯಲ್ಲೂ ಅದೇ ಇದೆ ಎಂದು ಅನಿಸಿಬಿಡುತ್ತದೆ. "ನಿನ್ನನ್ನ ಯಾರು ನೋಡ್ತಾರೆ ಬಿಡು" ಎಂದು ದೊಡ್ಡವರು ಹೇಳಿದರೆ ಸಾಕಾಗುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8ರಿಂದ 23 ವರ್ಷದೊಳಗಿನವರಿಗೆ, ನಿಮ್ಮದೇ ವಯಸ್ಸಿನ ಒಬ್ಬರು ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಿದ್ದಾರೆ ಎಂದು ಹೇಳಲಾಯಿತು. ಅಷ್ಟಕ್ಕೇ ಹದಿಹರೆಯದವರಲ್ಲಿ ಮುಜುಗರ ಜಾಸ್ತಿಯಾಯಿತು, ಅವರ ಚರ್ಮವೂ ಮಿದುಳೂ ಅದನ್ನೇ ತೋರಿಸಿದವು.

ನಿಜಕ್ಕೂ ಎಷ್ಟು ಜನ ನೋಡುತ್ತಾರೆ? ಇದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಅಳೆದು ನೋಡಿತು, 2000ದಲ್ಲಿ ಪ್ರಕಟವಾದದ್ದು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಟೀ ಶರ್ಟ್ ತೊಟ್ಟವರು ಅಂದುಕೊಂಡರು. ಗಮನಿಸಿದವರು ಕಾಲು ಭಾಗ ಮಾತ್ರ.

ಒಳ್ಳೆಯ ಕಾಮಿಕ್ಸ್ ಇದನ್ನೇ ಒಂದು ಚೌಕದಲ್ಲಿ ತೋರಿಸಿಬಿಡುತ್ತದೆ. ಮೂಗು ಮುಚ್ಚಿಕೊಂಡು ಹುಡುಗ ಕ್ಲಾಸಿಗೆ ಬರುತ್ತಾನೆ. ಪಕ್ಕದ ಬೆಂಚಿನ ಹುಡುಗಿಯ ತಲೆ ಮೇಲೆ, ಮನಸ್ಸಿನ ಮಾತು ಬರೆಯುವ ಗುಳ್ಳೆಯಲ್ಲಿ 'ಹಲ್ಲಿನ ಕ್ಲಿಪ್ ಕಾಣಿಸ್ತಿದೆಯಾ?' ಎಂದಿರುತ್ತದೆ, ಹಿಂದಿನವನದರಲ್ಲಿ 'ನನ್ನ ದನಿ ಮತ್ತೆ ಒಡೆದುಹೋದರೆ?', ಇನ್ನೊಬ್ಬ ಮೇಜಿನ ಕೆಳಗೆ ತನ್ನ ಪಾದಗಳನ್ನು ಅಡಗಿಸುತ್ತಿರುತ್ತಾನೆ (ಬೆಳೆಯುವಾಗ ಕೈಕಾಲಿನ ತುದಿಗಳೇ ಮೊದಲು ಉದ್ದವಾಗುತ್ತವೆ, ಮೈ ಆಮೇಲೆ ಅವುಗಳಿಗೆ ಸರಿಹೊಂದುತ್ತದೆ). ಮೊಡವೆಯ ಬಗ್ಗೆ ಒಂದೇ ಒಂದು ಗುಳ್ಳೆಯೂ ಇಲ್ಲ! ಆ ಹುಡುಗನಿಗೆ ಇದ್ಯಾವುದೂ ಕಾಣುವುದಿಲ್ಲ, ಓದುವವರಿಗೆ ಮಾತ್ರ ಎಲ್ಲರ ಮನಸ್ಸೂ ಒಟ್ಟಿಗೆ ಕಾಣುತ್ತದೆ. ಹದಿನಾಲ್ಕರ ಓದುಗನಿಗೆ ಇದನ್ನು ಇಷ್ಟು ಸಲೀಸಾಗಿ ಹೇಳುವ ಬೇರೆ ದಾರಿ ನನಗಂತೂ ಗೊತ್ತಿಲ್ಲ.

ಎಲ್ಲ ಕಾಮಿಕ್ಸೂ ಹೀಗಿರುವುದಿಲ್ಲ. ಕೆಲವದರಲ್ಲಿ ದಪ್ಪಗಿರುವ ಹುಡುಗ ಬರುವುದೇ ಕುರ್ಚಿ ಮುರಿಯುವುದಕ್ಕೆ, ಕನ್ನಡಕದ ಹುಡುಗಿ ಬರುವುದೇ ಎಡವಿ ಬೀಳುವುದಕ್ಕೆ. ಅವರ ತಲೆ ಮೇಲೆ ಒಂದು ಗುಳ್ಳೆಯನ್ನೂ ಬರೆದಿರುವುದಿಲ್ಲ, ಹಾಗಾಗಿ ಓದುವವರು ಅವರ ಜೊತೆ ನಗುವುದಕ್ಕೆ ಆಗುವುದೇ ಇಲ್ಲ, ಅವರನ್ನು ನೋಡಿ ನಗಬೇಕಷ್ಟೆ. ಅದೇ ಮೈಕಟ್ಟಿನ ಮಗು ಅದನ್ನು ಓದಿದರೆ, ಊಹಿಸಿಕೊಂಡು ಹೆದರಿದ್ದ ಪ್ರೇಕ್ಷಕರು ನಿಜವಾಗಿಯೂ ಇದ್ದಾರೆ ಎಂದೇ ನಂಬುತ್ತದೆ.