ಸುಡುವುದು ಆ ಕೆಂಪು ಚುಕ್ಕೆಯಲ್ಲ

ಪುಣೆ ಹತ್ತಿರದ ಭೋಸರಿಯ ಒಂದು ವರ್ಕ್‌ಶಾಪಿನಿಂದ ಹುಡುಗನೊಬ್ಬ ಬಂದಿದ್ದ. ಊರು ವಿಜಯಪುರದ ಕಡೆ. ಸ್ಟೀಲ್ ಪಟ್ಟಿಗಳ ಮೇಲೆ ನಂಬರ್ ಕೊರೆಯುವ ಫೈಬರ್ ಲೇಸರ್ ಮಷಿನ್ ನಡೆಸುತ್ತಾನೆ. ಬಲಗಣ್ಣಿನ ನಟ್ಟನಡುವೆ ಕಪ್ಪು ಮಚ್ಚೆ. ಪೇಪರ್ ಓದಲು ಹೋದರೆ ನೋಡುತ್ತಿರುವ ಅಕ್ಷರವೇ ಮಾಯ.

"ಎಂಟು ದಿನ ಆತ್ರೀ ಸರ. ಬೆಳಕೇನೂ ಕಾಣ್ಲಿಲ್ರೀ, ನೋವೂ ಆಗ್ಲಿಲ್ಲ. ಹಂಗಾಗಿ ಸುಮ್ನ ಇದ್ದೆ."

ಪುಣೆಯಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆ, ನೋಡುವ ಡಾಕ್ಟರಾದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಾಣಲಿಲ್ಲ, ನೋಯಲಿಲ್ಲ, ಅಂದ್ಮೇಲೆ ಏನೂ ಆಗಿಲ್ಲ ಅಂತ ಎಲ್ಲರ ಲೆಕ್ಕ.

ಈ ಮಷಿನ್‌ಗಳ ಬೆಳಕಿನ ಅಲೆಯ ಉದ್ದ ಸುಮಾರು 1064 ನ್ಯಾನೋಮೀಟರ್. ಆ ಬೆಳಕು ನಮಗೆ ಕಾಣುವುದಿಲ್ಲ. ಆದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ, ಅದರ ಹಿಂದಿನ ಲೆನ್ಸ್ ಅದನ್ನು ತಡೆಯುವುದೂ ಇಲ್ಲ. ಸುಮಾರು 1400ರವರೆಗಿನ ಬೆಳಕನ್ನು ಒಳಗೆ ಬಿಡುತ್ತವೆ. ಬಿಟ್ಟು ಸುಮ್ಮನಿರುತ್ತವೆಯೇ? ಭೂತಗನ್ನಡಿ ಬಿಸಿಲನ್ನು ಕೂಡಿಸಿದ ಹಾಗೆ ರೆಟಿನಾದ ಒಂದೇ ಚುಕ್ಕೆಗೆ ತಂದು ಕೂಡಿಸುತ್ತವೆ. ಅಲ್ಲಿ ಅದರ ತೀವ್ರತೆ ಲಕ್ಷ ಪಟ್ಟು ಏರಬಹುದು. ಕಾಣುವ ಬೆಳಕು ಜೋರಾಗಿ ಬಡಿದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಯಾಕೆ ಮುಚ್ಚೀತು? ರೆಟಿನಾಕ್ಕೆ ನೋವು ತಿಳಿಸುವ ನರಗಳೂ ಇಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ.

"ಕೆಂಪು ಲೈಟ್ ಇರ್ತೈತಲ್ರೀ, ಅದನ್ನ ನೋಡಂಗಿಲ್ರೀ ನಾವು" ಅಂದ. ಅದು ಬರೀ ಗುರಿ ತೋರಿಸುವ ಲೈಟ್. ಕೊರೆಯುವ ಬೆಳಕು ಬೇರೆ, ಮತ್ತು ಅದು ಹೊಳೆಯುವ ಸ್ಟೀಲಿಗೆ ಬಡಿದು ಎತ್ತ ಬೇಕಾದರೂ ಚಿಮ್ಮಬಹುದು.

ಪ್ರತಿ ಸಲವೂ ಕಣ್ಣು ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಷಿನ್ ಎಷ್ಟು ಶಕ್ತಿಯದು, ಎಷ್ಟು ದೂರ ನಿಂತಿದ್ದರು, ರೆಟಿನಾದ ಯಾವ ಜಾಗಕ್ಕೆ ಬಿತ್ತು, ಇಷ್ಟನ್ನೂ ನೋಡಬೇಕು. ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಇವನ ಗಾಯ ಮ್ಯಾಕುಲಾದ, ಅಂದರೆ ಓದಲು ಬೇಕಾದ ನಡುಭಾಗದ, ನಡುವೆಯೇ ಕಂಡಿತು. ಸಣ್ಣ ಗಾಯ ತಾನಾಗಿ ಒಂದಷ್ಟು ಸುಧಾರಿಸುವುದುಂಟು. ಸತ್ತ ಕೋಶಗಳನ್ನು ಮಾತ್ರ ಯಾವ ಡ್ರಾಪ್ಸೂ ವಾಪಸ್ ತರುವುದಿಲ್ಲ.

ಮುಂದಿನ ವಾರ ಕೆಲಸದಲ್ಲಿ ಹಾಕುವ ತನ್ನ ರಕ್ಷಣಾ ಕನ್ನಡಕ ತಂದು ತೋರಿಸಿದ. ದಿನಾ ಹಾಕಿಕೊಳ್ಳುತ್ತಿದ್ದನಂತೆ, ಪಾಪ. ಅಂಚಿನಲ್ಲಿ 10600 ಎಂದಿತ್ತು. ಅದು ಕಾರ್ಬನ್ ಡೈಆಕ್ಸೈಡ್ ಲೇಸರಿಗೆ ಮಾಡಿದ್ದು. 1064ಕ್ಕೆ ಅದನ್ನು ನಂಬುವಂತಿಲ್ಲ. ಎರಡೂ ಸಂಖ್ಯೆ ಚೀಟಿಯಲ್ಲಿ ದೊಡ್ಡದಾಗಿ ಬರೆದು, ಮಾಲೀಕರಿಗೆ ತೋರಿಸು ತಮ್ಮಾ ಎಂದೆ. ಅದೇ ಕನ್ನಡಕ ಹಾಕಿಕೊಂಡು ಇನ್ನೂ ಇಬ್ಬರು ಕೆಲಸ ಮಾಡುತ್ತಿದ್ದಾರಂತೆ. ನೋವಿಲ್ಲದಿದ್ದರೂ ಅವರನ್ನು ಈ ಶನಿವಾರವೇ ಕರೆದುಕೊಂಡು ಬಾ ಎಂದಿದ್ದೇನೆ.