ವರದಿಯಲ್ಲಿ ಕಾಡು ಹೆಚ್ಚಾಗಿದೆ, ನಮ್ಮೂರಲ್ಲಿ ಯಾಕೆ ಕಾಣಲ್ಲ?

ಪ್ರಶ್ನೆ: ಉಪಗ್ರಹದಿಂದ ಅಳೆದ ವರದಿಯಲ್ಲಿ ಕರ್ನಾಟಕದ ಕಾಡು ಹೆಚ್ಚಾಗಿದೆ ಅಂತ ಓದಿದ್ದೆ. ನಮ್ಮೂರ ಸುತ್ತ ನೋಡಿದರೆ ಕಾಡು ಕರಗ್ತಾನೇ ಇದೆ. ವರದಿ ಸುಳ್ಳಾ?

ಉತ್ತರ: ಪ್ರತಿ ಸಲ ವರದಿ ಬಂದಾಗಲೂ ಈ ಪ್ರಶ್ನೆ ಬರುತ್ತದೆ, ನಾನೂ ಪ್ರತಿ ಸಲ ಅದೇ ಉತ್ತರ ಕೊಡುತ್ತೇನೆ. ವರದಿ ಸುಳ್ಳಲ್ಲ. ನೀವು ಕಂಡದ್ದೂ ಸುಳ್ಳಲ್ಲ. ನೀವು ನೋಡುತ್ತಿರುವುದು ಕಾಡು. ವರದಿ ಅಳೆದಿರುವುದು ಮರಗಳ ನೆತ್ತಿಯ ಹಸಿರನ್ನು.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಈ ವರದಿ ತರುತ್ತಿದೆ. ಅದರ ಲೆಕ್ಕ ಹೀಗಿದೆ: ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಕಡಿಮೆ ಇಲ್ಲದ ಜಾಗ, ಅದರ ಶೇ. 10ರಷ್ಟಾದರೂ ಮರಗಳ ನೆರಳಿನಲ್ಲಿರಬೇಕು. ಅಷ್ಟಿದ್ದರೆ ಅದು 'ಅರಣ್ಯ ಹೊದಿಕೆ'. ಜಮೀನು ಯಾರದ್ದು, ಮರ ಯಾವುದು, ನೆಟ್ಟಿದ್ದೋ ತಾನಾಗಿ ಬೆಳೆದದ್ದೋ ಅಂತ ಕೇಳುವುದೇ ಇಲ್ಲ. ಇದನ್ನು ಸಂಸ್ಥೆ ಮುಚ್ಚಿಟ್ಟಿಲ್ಲ, ವರದಿಯಲ್ಲೇ ಸ್ಪಷ್ಟವಾಗಿ ಬರೆದಿದೆ. ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ಅದು ಬಿಟ್ಟುಹೋಗುತ್ತದೆ, ಅಷ್ಟೇ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಉಪಗ್ರಹ ತಪ್ಪು ಹೇಳುತ್ತಾ ಸಾರ್? ಮೇಲಿಂದ ಎಲ್ಲ ಕಾಣುತ್ತಲ್ವಾ?" ಈ ನಂಬಿಕೆ ಎಷ್ಟು ಗಟ್ಟಿ ಅಂದರೆ ಓದಿಕೊಂಡವರೂ ಬಿಡುವುದಿಲ್ಲ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೇಲಿಂದ ಎಲ್ಲ ಕಾಣುವುದಿಲ್ಲ. ಈ ವರದಿಗೆ ಬಹಳ ವರ್ಷ ಬಳಸಿದ ಚಿತ್ರಗಳಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಐದೂವರೆ ಗುಂಟೆ. ಆ ಐದೂವರೆ ಗುಂಟೆಯಲ್ಲಿ ಏನೇ ಇರಲಿ, ಎಲ್ಲ ಸೇರಿ ಒಂದೇ ಬಣ್ಣ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಉಪಗ್ರಹ ಹಿಡಿಯುವುದು ಅದನ್ನೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ ಬಳಗಿ ಮರದ ಎಲೆಯೂ ಹಾಗೇ ಮಾಡುತ್ತದೆ, ನೆಟ್ಟು ಬೆಳೆಸಿದ ಅಕೇಶಿಯಾ ಎಲೆಯೂ ಹಾಗೇ ಮಾಡುತ್ತದೆ. ಕೊಡಗಿನ ಕಾಫಿ ತೋಟದ ನೆರಳು ಮರ, ಸಿಲ್ವರ್ ಓಕ್, ರಬ್ಬರ್, ನೀಲಗಿರಿ ಎಲ್ಲವೂ ಹೀಗೆ ಲೆಕ್ಕಕ್ಕೆ ಬರುತ್ತವೆ. ನೆರಳು ಶೇ. 40 ದಾಟಿದರೆ ತೋಟವೂ ದಟ್ಟ ಕಾಡಿನ ಸಾಲಿಗೇ ಸೇರುತ್ತದೆ.

ಇನ್ನು ಕೆಳಗೆ ಏನಿದೆ ಅನ್ನುವುದು. ಮಲೆನಾಡಿನ ಯಾವುದಾದರೂ ಅಕೇಶಿಯಾ ತೋಪಿನೊಳಗೆ ಹೋಗಿ ನಿಂತು ನೋಡಿ. ಕಾಲಡಿ ಕುಡುಗೋಲಿನ ಹಾಗೆ ಬಾಗಿದ ಒಣ ಎಲೆ, ಗೇಣುದ್ದ ಹಾಸಿಕೊಂಡಿರುತ್ತದೆ. ಹುಲ್ಲು ಅಪರೂಪ, ಬಳ್ಳಿ ಅಪರೂಪ, ಕಾಡುಗಿಡದ ಸಸಿ ಹುಡುಕಬೇಕು. ಬಂಡೀಪುರದಲ್ಲಿ ಇನ್ನೊಂದು ಥರ. ಮರಗಳು ಇವೆ, ಕೆಳಗೆ ಲಂಟಾನ ಎದೆಯೆತ್ತರ ಹಬ್ಬಿ ಜಿಂಕೆಗೆ ಹುಲ್ಲೇ ಸಿಗದ ಹಾಗೆ ಮಾಡಿದೆ. ಮೇಲಿನ ಚಿತ್ರದಲ್ಲಿ ಎರಡೂ ಚೆನ್ನಾಗಿಯೇ ಹಸಿರಾಗಿ ಕಾಣುತ್ತವೆ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಮರ ಇಲ್ಲ, ಹಾಗಾಗಿ ಅದು ಅರಣ್ಯ ಹೊದಿಕೆ ಅಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಿನಲ್ಲಿ ನೀಲಗಿರಿ ನೆಟ್ಟರು. ಈ ಲೆಕ್ಕದ ಪ್ರಕಾರ ಅಲ್ಲಿ ಕಾಡು ಹೆಚ್ಚಾಯಿತು. ಬಯಲೇ ಬೇಕಾದ ಕೃಷ್ಣಮೃಗಕ್ಕೂ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಜಾಗ ಹೋಯಿತು. ನನಗೆ ಸಂಕಟ ಆಗುವುದು ಇಲ್ಲೇ. ಅಳತೆ ತಪ್ಪಲ್ಲ, ಆದರೆ ಅದನ್ನೇ ಗುರಿ ಮಾಡಿಕೊಂಡರೆ ಮರ ನೆಡುವುದೇ ಕಾಡು ಉಳಿಸುವುದು ಅಂತ ಆಗಿಬಿಡುತ್ತದೆ. 1988ರ ಅರಣ್ಯ ನೀತಿ ದೇಶದ ಮೂರನೇ ಒಂದು ಭಾಗ ಹಸಿರಿರಬೇಕು ಅಂದಿದೆ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಶೇ. 10ರಷ್ಟು ತೂಕವನ್ನು ಇದೇ ವರದಿಯ ದಟ್ಟ ಅರಣ್ಯದ ಲೆಕ್ಕಕ್ಕೆ ಕೊಟ್ಟಿತ್ತು. ಅಂಕಿಯ ಹಿಂದೆ ದುಡ್ಡೂ ಇದೆ.

ಏರಿಳಿತ ನೋಡಿ. 2019ರ ವರದಿಯಲ್ಲಿ 1,025 ಚದರ ಕಿಲೋಮೀಟರ್ ಹೆಚ್ಚಳದೊಂದಿಗೆ ಕರ್ನಾಟಕ ದೇಶಕ್ಕೇ ಮೊದಲು. 2021ರ ವರದಿಯಲ್ಲಿ 155 ಹೆಚ್ಚಳ. 2023ರ ವರದಿಯಲ್ಲಿ, ಅರಣ್ಯ ಹೊದಿಕೆಗೆ ಅದರ ಹೊರಗಿನ ಚದುರಿದ ಮರಗಳ ಲೆಕ್ಕವನ್ನೂ ಸೇರಿಸಿದರೆ, 459 ಇಳಿಕೆ. ನೂರಾರು ವರ್ಷದ ಕಾಡು ಎರಡೆರಡು ವರ್ಷಕ್ಕೆ ಹೀಗೆ ಕುಣಿಯುವುದಿಲ್ಲ. ತೋಪು ನೆಟ್ಟರೆ ಏರುತ್ತದೆ, ಕಟಾವು ಮಾಡಿದರೆ ಇಳಿಯುತ್ತದೆ. ಚಿತ್ರ ಓದುವ ವಿಧಾನ ಸುಧಾರಿಸಿದರೂ ಅಂಕಿ ಬದಲಾಗುತ್ತದೆ.

ಹಾಗಂತ ವರದಿಯನ್ನು ಎಸೆಯಬೇಡಿ. ತಲೆಬರಹದ ಅಂಕಿ ಬಿಟ್ಟು, ದಾಖಲಿತ ಅರಣ್ಯದ, ಅಂದರೆ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇರುವ ಜಾಗದ, ಒಳಗೆ ಎಷ್ಟು, ಹೊರಗೆ ಎಷ್ಟು ಅನ್ನುವ ಕೋಷ್ಟಕ ನೋಡಿ. 2019ರಲ್ಲಿ ಇಡೀ ದೇಶದ ಹೆಚ್ಚಳ 3,976 ಚದರ ಕಿಲೋಮೀಟರ್ ಅಂತ ಸುದ್ದಿಯಾಯಿತು. ಒಳಗೆ 330 ಇಳಿದು, ಹೊರಗೆ 4,306 ಏರಿ ಬಂದ ಮೊತ್ತ ಅದು. ನಿಮ್ಮ ಕಣ್ಣಿಗೂ ವರದಿಗೂ ಯಾಕೆ ತಾಳೆಯಾಗುತ್ತಿಲ್ಲ ಅನ್ನುವುದಕ್ಕೆ ಉತ್ತರ ಈ ಎರಡು ಅಂಕಿಯಲ್ಲಿದೆ. ಸರ್ಕಾರ ನೀತಿ ಮಾಡುವಾಗ ನೋಡಬೇಕಾದದ್ದೂ ಇವನ್ನೇ. ಜೊತೆಗೆ ನೆಲದ ಮೇಲೆ ಗುರುತು ಮಾಡಿದ ತುಂಡುಗಳಲ್ಲಿ ಮರ, ಸಸಿ, ಕಳೆ ಎಣಿಸುವ ಕೆಲಸ ವರ್ಷವರ್ಷವೂ ನಡೆಯಬೇಕು. ಅದಕ್ಕೆ ಉಪಗ್ರಹ ಬದಲಿ ಆಗುವುದಿಲ್ಲ.

ಇಷ್ಟು ಹೇಳಿದರೆ ಕೆಲವು ಬೆಳೆಗಾರರಿಗೆ ಬೇರೆಯೇ ಭಯ ಹುಟ್ಟಬಹುದು: ನನ್ನ ತೋಟ ಕಾಡಿನ ಲೆಕ್ಕದಲ್ಲಿದ್ದರೆ ನಾಳೆ ಇಲಾಖೆಯವರು ಬಂದು ಕೂರುತ್ತಾರಾ? ಇಲ್ಲ. ಹೊದಿಕೆಯ ನಕ್ಷೆಗೂ ಒಡೆತನಕ್ಕೂ ಸಂಬಂಧ ಇಲ್ಲ. ನೋಡಬೇಕಾದದ್ದು ಪಹಣಿ, ಮತ್ತೆ ನಿಮ್ಮ ಸರ್ವೆ ನಂಬರ್ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯಲ್ಲಿ (ಜಾಗವನ್ನು ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಪ್ರಕಟಣೆ) ಇದೆಯಾ ಅನ್ನುವುದು. ತಾಲ್ಲೂಕು ಕಚೇರಿ, ವಲಯ ಅರಣ್ಯಾಧಿಕಾರಿ ಕಚೇರಿ ಎರಡರಲ್ಲೂ ವಿಚಾರಿಸಿ. ಉಪಗ್ರಹದ ನಕ್ಷೆ ತೋರಿಸಿ ಯಾರಾದರೂ ಹೆದರಿಸಿದರೆ, ಅದೇ ವರದಿಯ ವ್ಯಾಖ್ಯೆಯ ಪುಟ ತೆಗೆದು ಅವರ ಮುಂದಿಡಿ.