ಶೇ 99 ನಿಖರವೆನ್ನುವ ವಾಚು ಫಿಟ್ಸ್ ಬರುವುದನ್ನು ಮೊದಲೇ ಹೇಳುತ್ತದೆಯೇ?

ಪ್ರಶ್ನೆ: ಮಗಳಿಗೆ ಮೂರ್ಛೆರೋಗವಿದೆ. ಫಿಟ್ಸ್ ಬರುವ ಮೊದಲೇ ಶೇ 99ರಷ್ಟು ನಿಖರವಾಗಿ ಎಚ್ಚರಿಸುವ ವಾಚು ಬಂದಿದೆಯಂತೆ. ಕೊಡಿಸಬಹುದೇ?

ಉತ್ತರ: ಎಷ್ಟು ಬಾರಿ ಉತ್ತರಿಸಿದರೂ ಈ ಪ್ರಶ್ನೆ ಹೊಸದೊಂದು ವಾಚಿನ ಹೆಸರು ಹೊತ್ತು ಮರಳಿ ಬರುತ್ತದೆ. ಆದ್ದರಿಂದ ಆ ಶೇ 99ನ್ನೇ ಮೊದಲು ಬಿಡಿಸಿ ನೋಡೋಣ.

ದಿನಕ್ಕೆ 1,440 ನಿಮಿಷ. ಒಬ್ಬರಿಗೆ ದಿನಕ್ಕೊಮ್ಮೆ ಒಂದು ನಿಮಿಷದ ಸೆಳವು (ಫಿಟ್ಸ್) ಬರುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ನಿಮಿಷವೂ ‘ಸೆಳವಿಲ್ಲ’ ಎಂದಷ್ಟೇ ಹೇಳುತ್ತ ಕೂರುವ ಅಲ್ಗಾರಿದಮ್ (ವಾಚಿನೊಳಗಿನ ಲೆಕ್ಕಾಚಾರದ ಸೂತ್ರ) 1,439 ಬಾರಿ ಸರಿಯಾಗಿರುತ್ತದೆ, ಅಂದರೆ ಶೇ 99.9ಕ್ಕೂ ಹೆಚ್ಚು ನಿಖರ. ಹಿಡಿಯಬೇಕಿದ್ದ ಆ ಒಂದು ಸೆಳವನ್ನು ಮಾತ್ರ ಹಿಡಿದಿರುವುದಿಲ್ಲ! ಬಂದ ಸೆಳವುಗಳಲ್ಲಿ ಎಷ್ಟನ್ನು ಹಿಡಿಯಿತು, ದಿನಕ್ಕೆ ಎಷ್ಟು ಸಲ ಸುಳ್ಳು ಎಚ್ಚರಿಕೆ ಕೊಟ್ಟಿತು ಎಂಬ ಎರಡು ಲೆಕ್ಕಗಳನ್ನು ಕೊಡದ ಜಾಹೀರಾತನ್ನು ಓದುವುದೇ ದಂಡ.

ಸಂಶೋಧನೆಗಳ ಅಂಕಗಳನ್ನೂ ಹೀಗೆಯೇ ಕೆದಕಬೇಕು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ 22 ಮಂದಿಯಿಂದ ಪಡೆದ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ) ದಾಖಲೆಗಳು ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿವೆ. ಒಬ್ಬರದೇ ದಾಖಲೆಯನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಕಲೆಸಿ, ಒಂದಷ್ಟರಿಂದ ಕಲಿಸಿ ಉಳಿದವುಗಳಿಂದ ಪರೀಕ್ಷಿಸಿದರೆ, ಪ್ರಶ್ನೆಪತ್ರಿಕೆಯನ್ನು ಮೊದಲೇ ಕಂಡ ವಿದ್ಯಾರ್ಥಿಯಂತೆ ಅಲ್ಗಾರಿದಮ್ಮಿಗೂ ಅಂಕ ಸುರಿಯುತ್ತದೆ. ಅದೆಂದೂ ಕಾಣದ ರೋಗಿಯ ಮೇಲೆ ಪರೀಕ್ಷಿಸಿದಾಗಲೇ ನಿಜ ಬಯಲಾಗುವುದು.

ಇನ್ನು ‘ಮೊದಲೇ’ ಎಂಬ ಮಾತು. 2018ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಂಬ್ರೇಸ್ ವಾಚು ಕೈಯ ಅದುರುವಿಕೆ ಮತ್ತು ಚರ್ಮದ ವಿದ್ಯುತ್ ಬದಲಾವಣೆಗಳಿಂದ ಮೈಯೆಲ್ಲ ಸೆಟೆದು ಅದುರುವ ಸೆಳವನ್ನು, ಅದು ಶುರುವಾದ ಮೇಲೆ, ಗುರುತಿಸಿ ಮನೆಯವರಿಗೆ ತಿಳಿಸುತ್ತದೆ. ಅದು ಪತ್ತೆ, ಮುನ್ಸೂಚನೆಯಲ್ಲ. ಮುನ್ಸೂಚನೆಯ ಗಂಭೀರ ಪ್ರಯತ್ನ ನಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 15 ಮಂದಿಯ ತಲೆಬುರುಡೆಯೊಳಗೇ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನಿಟ್ಟು, ಅಪಾಯದ ಮಟ್ಟವನ್ನು ಕೆಂಪು, ಬಿಳಿ, ನೀಲಿ ದೀಪಗಳಲ್ಲಿ ತೋರಿಸಲಾಯಿತು. ಮಣಿಕಟ್ಟಿನ ವಾಚಿಗೆ ಮಿದುಳಿನ ಆ ನೋಟವಿಲ್ಲ.

ಆದ್ದರಿಂದ ಪತ್ತೆಗೆಂದು ಬೇಕಾದರೆ, ನಿಮ್ಮ ಮಗಳಿಗೆ ಬರುವುದು ಯಾವ ಬಗೆಯ ಸೆಳವೆಂದು ನರರೋಗ ತಜ್ಞರನ್ನು ಕೇಳಿ, ಕೊಡಿಸಿ. ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ: ವಾಚು ಕೂಗಿದ ಮೇಲೆ ಏನು ಮಾಡುತ್ತೀರಿ? ಕೈಗೆ ಕಬ್ಬಿಣ ಕೊಡಲು ಓಡುವುದಾದರೆ ವಾಚು ಬೇಕಿಲ್ಲ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಸಮಯ ನೋಡಿ. 5 ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಿರಿ.